ದಮ್ಮು ಹತ್ತಿದಾಗ ಹೃದಯವನ್ನೂ ನೋಡಿಸಿ

ಶಿವಮೊಗ್ಗ ಜಿಲ್ಲೆಯ ಶಿರಾಳಕೊಪ್ಪದ ಸುತ್ತಿನ ಊರುಗಳಲ್ಲಿ ಕೆಮ್ಮು, ದಮ್ಮು ಎಂದರೆ ಯಾರೂ ಬೆಚ್ಚಿಬೀಳುವುದಿಲ್ಲ. ಮಳೆಗಾಲದ ಥಂಡಿ ಇದೆ, ಹಸಿ ಕಟ್ಟಿಗೆಯ ಒಲೆ ಇದೆ, ಅಡಿಕೆ ಬೇಯಿಸುವ ಕಾಲದ ಹೊಗೆ ಇದೆ, ಜೋಳ ಒಕ್ಕುವ ದೂಳು ಇದೆ. ಏದುಸಿರು ಬಂದರೆ ಇವುಗಳಲ್ಲಿ ಒಂದನ್ನು ದೂರಿ, ಔಷಧಿ ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಕುಡಿಯುವುದು ರೂಢಿ. ಅದಕ್ಕೂ ಬಗ್ಗದಿದ್ದರೆ ಉಬ್ಬಸದ ಪಂಪು, ಗುಣವಾಗದಿದ್ದರೆ ಕ್ಷಯದ ಭಯ. ಹೀಗೆ ತಿಂಗಳುಗಳು ಉರುಳುತ್ತವೆ.

ಇಂಥ ಏದುಸಿರಿನ ಒಂದು ಪಾಲು ಶ್ವಾಸಕೋಶದಲ್ಲಿ ಹುಟ್ಟಿದ್ದೇ ಅಲ್ಲ. ಹೃದಯದ ಕವಾಟ ಕೆಟ್ಟಿರುತ್ತದೆ ಅಥವಾ ಹೃದಯ ಹಿಗ್ಗಿ ದುರ್ಬಲವಾಗಿರುತ್ತದೆ. ಅದರ ಹೊರೆ ಶ್ವಾಸಕೋಶದ ಮೇಲೆ ಬೀಳುತ್ತದೆ. ಎದೆಗೆ ಎಷ್ಟು ಔಷಧಿ ಕೊಟ್ಟರೂ ಹೃದಯಕ್ಕೆ ಚಿಕಿತ್ಸೆ ಆಗದೆ ಈ ದಮ್ಮು ಇಳಿಯುವುದಿಲ್ಲ. ತಡವಾದಷ್ಟೂ ಶ್ವಾಸಕೋಶದ ರಕ್ತನಾಳಗಳು ಮೊದಲಿನ ಸ್ಥಿತಿಗೆ ಮರಳುವುದು ಕಷ್ಟ. ಆದ್ದರಿಂದ ಈ ಎರಡು ಅಂಗಗಳ ಸಂಬಂಧ ಮನೆಮಂದಿಗೂ ತಿಳಿದಿರಬೇಕು.

ಹೃದಯ ಕೆಟ್ಟರೆ ಶ್ವಾಸಕೋಶಕ್ಕೆ ನೀರು ಬರುವುದೇಕೆ?

ದೇಹವೆಲ್ಲ ಸುತ್ತಿ ಬಂದ ರಕ್ತ ಹೃದಯದ ಬಲಭಾಗ ಸೇರಿ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಆಮ್ಲಜನಕ ತುಂಬಿಕೊಂಡು ಹೃದಯದ ಎಡ ಮೇಲ್ಕೋಣೆಗೆ ಬರುತ್ತದೆ. ಮೈಟ್ರಲ್ ಕವಾಟ ದಾಟಿ ಎಡ ಕೆಳಕೋಣೆಗೆ ಇಳಿದು, ಅಯೋರ್ಟಿಕ್ ಕವಾಟದ ಮೂಲಕ ಮತ್ತೆ ದೇಹಕ್ಕೆ ಹೊರಡುತ್ತದೆ. ಸುಮ್ಮನೆ ಕುಳಿತಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಈ ದಾರಿಯಲ್ಲಿ ಸಾಗುತ್ತದೆ. ಶ್ವಾಸಕೋಶಕ್ಕೂ ಎಡ ಮೇಲ್ಕೋಣೆಗೂ ನಡುವೆ ಕವಾಟವಿಲ್ಲ. ಹಾಗಾಗಿ ಹೃದಯದ ಎಡಭಾಗದಲ್ಲಿ ಒತ್ತಡ ಏರಿದರೆ ಅದು ನೇರವಾಗಿ ಶ್ವಾಸಕೋಶಕ್ಕೆ ತಟ್ಟುತ್ತದೆ.

ಶಿಕಾರಿಪುರ, ಸೊರಬ ಕೆರೆಗಳ ಸೀಮೆ. ಇಲ್ಲಿನ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನೀರು ಹೋಗುವ ದಾರಿ ಕಟ್ಟಿಕೊಂಡರೆ ಕೆರೆಯ ಕೆಳಗಿನ ಗದ್ದೆ ಒಣಗುತ್ತದೆ, ಹಿನ್ನೀರು ಏರಿ ಮೇಲಿನ ಗದ್ದೆ ಮುಳುಗುತ್ತದೆ. ಕವಾಟದ ರೋಗಿಗೆ ಸುಸ್ತು ಮತ್ತು ದಮ್ಮು ಜೊತೆಜೊತೆಗೆ ಬರುವುದು ಹೀಗೆಯೇ. ದೇಹಕ್ಕೆ ರಕ್ತ ಸಾಲದೆ ಸುಸ್ತು, ಶ್ವಾಸಕೋಶದಲ್ಲಿ ರಕ್ತ ನಿಂತು ದಮ್ಮು.

ಶ್ವಾಸಕೋಶದ ಅತಿ ಸಣ್ಣ ರಕ್ತನಾಳಗಳಲ್ಲಿ ಒತ್ತಡ ಸಾಮಾನ್ಯವಾಗಿ 10 ಮಿ.ಮೀ. ಪಾದರಸದ ಆಸುಪಾಸಿನಲ್ಲಿರುತ್ತದೆ. ಅದು ಏರುತ್ತಾ ಹೋದಂತೆ ನಾಳದ ಗೋಡೆಯಿಂದ ದ್ರವ ಒಸರಿ ಸುತ್ತಲಿನ ಅಂಗಾಂಶ ಒದ್ದೆಯಾಗುತ್ತದೆ. 25 ದಾಟಿದರೆ ಉಸಿರು ತುಂಬುವ ಗಾಳಿಗೂಡುಗಳಿಗೇ ದ್ರವ ಇಳಿಯಬಹುದು. ಒತ್ತಡ ವರ್ಷಗಟ್ಟಲೆ ನಿಧಾನವಾಗಿ ಏರಿದರೆ ಶ್ವಾಸಕೋಶ ಒಂದಿಷ್ಟು ಒಗ್ಗಿಕೊಳ್ಳುತ್ತದೆ. ಒಮ್ಮೆಲೇ ಏರಿದರೆ ಗಂಟೆಗಳೊಳಗೆ ಜೀವಕ್ಕೆ ಕುತ್ತು ಬರುತ್ತದೆ.

ಕವಾಟ ಕಿರಿದಾದರೆ, ಸೋರಿದರೆ

ನಮ್ಮ ಹಳ್ಳಿಗಳಲ್ಲಿ ಕವಾಟ ಕೆಡಲು ಮುಖ್ಯ ಕಾರಣ ರುಮ್ಯಾಟಿಕ್ ಜ್ವರ. ಮಗುವಾಗಿದ್ದಾಗ ಬಂದ ಗಂಟಲು ಸೋಂಕಿನ ಎರಡು–ಮೂರು ವಾರಗಳ ನಂತರ ಜ್ವರ ಬಂದು, ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ಬಾವು, ನೋವು ಕಾಣಿಸಿಕೊಳ್ಳುತ್ತದೆ. ಕೀಲು ನೋವು ಕೆಲವೇ ವಾರಗಳಲ್ಲಿ ಮಾಯವಾಗುತ್ತದೆ, ಮನೆಯವರು ಮರೆತೂ ಬಿಡುತ್ತಾರೆ. ಒಳಗೆ ಮೈಟ್ರಲ್ ಕವಾಟದ ದಳಗಳು ದಪ್ಪಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತಾ ಹೋಗುತ್ತವೆ. ಆರೋಗ್ಯವಂತರಲ್ಲಿ ಈ ಕವಾಟದ ಬಾಯಿ 4ರಿಂದ 6 ಚದರ ಸೆಂ.ಮೀ. ಇರುತ್ತದೆ. ಅದು 1.5ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ತೀವ್ರ ಕಿರಿದಾಗುವಿಕೆ ಎನ್ನುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಭಾರತದಲ್ಲಿ ಇಪ್ಪತ್ತು ವರ್ಷ ತುಂಬುವ ಮೊದಲೇ ಈ ಸ್ಥಿತಿ ತಲುಪಿದ ಮಕ್ಕಳೂ ಇದ್ದಾರೆ.

ಕವಾಟ ಕಿರಿದಾದವರಿಗೆ ಎದೆಬಡಿತ ಜೋರಾದರೆ ಕಷ್ಟ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ಮಾತ್ರ ರಕ್ತ ಆ ಸಣ್ಣ ಬಾಯಿಯಿಂದ ಕೆಳಕ್ಕೆ ಇಳಿಯಬೇಕು. ಬಡಿತ ಹೆಚ್ಚಿದರೆ ಆ ಬಿಡುವೇ ಕಡಿಮೆ. ಹಾಗಾಗಿ ಮನೆಯೊಳಗೆ ಚೆನ್ನಾಗಿಯೇ ಓಡಾಡುವ ಹೆಣ್ಣುಮಗಳು ನಾಟಿ ಗದ್ದೆಯಲ್ಲಿ, ನೀರು ಹೊತ್ತು ದಿಬ್ಬ ಹತ್ತುವಾಗ, ಜ್ವರ ಬಂದಾಗ, ಬಸುರಿಯಾದಾಗ ಇದ್ದಕ್ಕಿದ್ದಂತೆ ಉಸಿರು ಸಿಗದೆ ಕೂತುಬಿಡುತ್ತಾಳೆ. ಹಿಗ್ಗಿದ ಮೇಲ್ಕೋಣೆ ತಾಳ ತಪ್ಪಿ ಬಡಿಯತೊಡಗಿದರೂ ದಮ್ಮು ದಿಢೀರನೆ ಏರುತ್ತದೆ. ಆ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ, ಮೆದುಳಿಗೆ ಹೋಗಿ ಲಕ್ವ ಹೊಡೆಯುವ ಅಪಾಯವೂ ಅಲ್ಲಿಂದಲೇ ಶುರು.

ಕವಾಟ ಸೋರಿದರೆ ಮುಂದೆ ಹೋಗಬೇಕಾದ ರಕ್ತದ ಒಂದು ಭಾಗ ಪ್ರತಿ ಬಡಿತಕ್ಕೂ ಶ್ವಾಸಕೋಶದ ಕಡೆಗೇ ಹಿಂದಿರುಗುತ್ತದೆ. ಹೃದಯ ಹಿಗ್ಗಿ ಅದನ್ನು ಬಹುಕಾಲ ತಾಳಿಕೊಳ್ಳುವುದರಿಂದ ರೋಗಿಗೆ ಗೊತ್ತೇ ಆಗುವುದಿಲ್ಲ. ವಯಸ್ಸಾದವರಲ್ಲಿ ಇನ್ನೊಂದು ಬಗೆ: ಅಯೋರ್ಟಿಕ್ ಕವಾಟಕ್ಕೆ ಸುಣ್ಣದಂಶ ಕಟ್ಟಿ ಗಡುಸಾಗುತ್ತದೆ. ನಡೆದಾಗ ದಮ್ಮು, ಎದೆನೋವು, ತಲೆತಿರುಗಿ ಬೀಳುವುದು ಇದರ ಮೂರು ಗುರುತುಗಳು. 'ವಯಸ್ಸಾಯ್ತಲ್ಲ' ಎಂದು ಬಿಟ್ಟುಬಿಡುವಂಥದ್ದಲ್ಲ ಇದು.

'ಹಾರ್ಟ್ ದೊಡ್ಡದಾಗಿದೆ' ಎಂದರೆ

ಎಕ್ಸ್‌ರೇಯಲ್ಲಿ ಹೃದಯದ ಅಗಲ ಎದೆಗೂಡಿನ ಅಗಲದ ಅರ್ಧಕ್ಕಿಂತ ಹೆಚ್ಚಿದ್ದರೆ ವೈದ್ಯರು ಹೀಗೆ ಹೇಳುತ್ತಾರೆ. ಇದು ಕಾಯಿಲೆಯ ಹೆಸರಲ್ಲ, ಒಂದು ಸೂಚನೆ. ಹಿಂದೆ ಆದ ಹೃದಯಾಘಾತ, ವರ್ಷಗಳಿಂದ ಹತೋಟಿಗೆ ಬಾರದ ಬಿ.ಪಿ., ಸೋರುವ ಕವಾಟ, ವಿಪರೀತ ಕುಡಿತ, ವೈರಸ್ ಸೋಂಕು, ತೀವ್ರ ರಕ್ತಹೀನತೆ, ಥೈರಾಯ್ಡ್ ತೊಂದರೆ, ವಂಶವಾಹಿ ದೋಷ ಎಲ್ಲವೂ ಇದಕ್ಕೆ ಕಾರಣವಾಗಬಲ್ಲವು. ಯಾವುದು ಎಂದು ಹುಡುಕಿದರೆ ಮಾತ್ರ ಚಿಕಿತ್ಸೆಗೆ ಅರ್ಥ.

ಹಿಗ್ಗಿದ ಹೃದಯ ಶ್ವಾಸಕೋಶವನ್ನು ಹಲವು ರೀತಿಯಲ್ಲಿ ಬಾಧಿಸುತ್ತದೆ. ಸ್ನಾಯು ಸೋತು ರಕ್ತ ಪೂರ್ತಿ ಹೊರಹೋಗದೆ ಹಿಂದಕ್ಕೆ ಒತ್ತಡ ಏರುತ್ತದೆ. ಕೋಣೆ ಹಿಗ್ಗಿದಾಗ ಕವಾಟದ ಬಳೆಯೂ ಹಿಗ್ಗಿ, ದಳಗಳು ಕೂಡಿಕೊಳ್ಳದೆ ಹೊಸದಾಗಿ ಸೋರಿಕೆ ಶುರುವಾಗುತ್ತದೆ. ಜೊತೆಗೆ ಅದು ಎದೆಯೊಳಗೆ ಜಾಗವನ್ನೂ ಕಬಳಿಸಿ ಎಡ ಶ್ವಾಸಕೋಶದ ಕೆಳಭಾಗವನ್ನು ಅದುಮುತ್ತದೆ. ಬಹಳ ಹಿಗ್ಗಿದ ಎಡ ಮೇಲ್ಕೋಣೆ ಉಸಿರು ಕೊಳವೆಯನ್ನು ಒತ್ತಿ ಒಣಕೆಮ್ಮು ತರಬಹುದು. ಅಪರೂಪಕ್ಕೆ ಗಂಟಲಿಗೆ ಹೋಗುವ ನರ ಸಿಕ್ಕಿಬಿದ್ದು ದನಿಯೇ ಒಡೆಯಬಹುದು.

ಒತ್ತಡ ಇನ್ನೂ ಹಿಂದಕ್ಕೆ ಸರಿದಾಗ

ವರ್ಷಗಟ್ಟಲೆ ಈ ಭಾರ ಹೊತ್ತ ಶ್ವಾಸಕೋಶದ ರಕ್ತನಾಳಗಳು ಗೋಡೆ ದಪ್ಪಗಾಗಿ ಬಿಗಿಯುತ್ತವೆ. ಇದು ಶ್ವಾಸಕೋಶದ ಬಿ.ಪಿ.; ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಬಿ.ಪಿ.ಯಲ್ಲಿ ಇದು ಕಾಣುವುದಿಲ್ಲ. ಈಗ ಹೃದಯದ ಬಲಭಾಗ ಆ ಒತ್ತಡದ ವಿರುದ್ಧ ತಿಣುಕಬೇಕು. ಅದೂ ಸೋತಾಗ ಕಾಲು ಊದುತ್ತದೆ, ಯಕೃತ್ತು ಊದಿ ಬಲ ಪಕ್ಕೆಯ ಕೆಳಗೆ ಭಾರವೆನಿಸುತ್ತದೆ, ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ. ಕೆಲವರಲ್ಲಿ ಈ ಹಂತದಲ್ಲಿ ರಾತ್ರಿಯ ದಮ್ಮು ತುಸು ಇಳಿದಂತೆ ಕಾಣುತ್ತದೆ. ಶ್ವಾಸಕೋಶಕ್ಕೆ ತಲುಪುವ ರಕ್ತವೇ ಕಡಿಮೆಯಾಗಿರುವುದು ಅದಕ್ಕೆ ಕಾರಣ. ದಮ್ಮು ಇಳಿದು ಕಾಲು ಬಾವು, ಸುಸ್ತು ಏರುತ್ತಿದ್ದರೆ ಗುಣವಾಗುತ್ತಿದೆ ಎಂದುಕೊಳ್ಳಬೇಡಿ. ಕಾಯಿಲೆ ಮುಂದಿನ ಹಂತಕ್ಕೆ ಹೋಗಿದೆ.

ಶ್ವಾಸಕೋಶದ ಹೊರಪೊರೆಯಲ್ಲಿ ನೀರು ತುಂಬುವುದು, ಒದ್ದೆಯಾದ ಶ್ವಾಸಕೋಶಕ್ಕೆ ಪದೇ ಪದೇ ಕಫದ ಸೋಂಕು ತಗಲುವುದು ಕೂಡ ಇದೇ ದಾರಿಯಲ್ಲಿ ಬರುವ ತೊಂದರೆಗಳು.

ಹೃದಯದ ದಮ್ಮನ್ನು ಗುರುತಿಸುವುದು ಹೇಗೆ?

ಕೆಳಗಿನವುಗಳಲ್ಲಿ ಒಂದಿದ್ದರೂ ಹೃದಯದ ಪರೀಕ್ಷೆ ಮಾಡಿಸಿ:

• ಚಪ್ಪಟೆ ಮಲಗಿದರೆ ಉಸಿರು ಕಟ್ಟುವುದು. ಎರಡು–ಮೂರು ದಿಂಬು ಒಟ್ಟಿದರೆ ಅಥವಾ ಎದ್ದು ಕುಳಿತರೆ ಹಾಯೆನಿಸುವುದು.
• ಮಲಗಿ ಒಂದೆರಡು ಗಂಟೆಯ ಮೇಲೆ ಉಸಿರಿಲ್ಲದೆ ಎಚ್ಚರವಾಗಿ ಕಿಟಕಿ, ಬಾಗಿಲ ಬಳಿ ಓಡುವಂತಾಗುವುದು. ಹಗಲು ಕಾಲಿನಲ್ಲಿ ನಿಂತ ದ್ರವ ಮಲಗಿದಾಗ ಎದೆಗೆ ಮರಳುವುದು ಇದಕ್ಕೆ ಕಾರಣ.
• ಮಲಗಿದಾಗ ಮಾತ್ರ ಹೆಚ್ಚುವ ಕೆಮ್ಮು.
• ಕಫದಲ್ಲಿ ರಕ್ತ, ಇಲ್ಲವೇ ಗುಲಾಬಿ ಬಣ್ಣದ ನೊರೆ.
• ಎದೆ ಡವಡವ ಎನ್ನುವುದು, ನಾಡಿ ತಾಳ ತಪ್ಪುವುದು.
• ಸಂಜೆ ಹೊತ್ತಿಗೆ ಕಾಲು ಊದಿ, ಬೆರಳಿಂದ ಒತ್ತಿದರೆ ಗುಳಿ ಬೀಳುವುದು.
• ಹೋದ ವರ್ಷ ಸಲೀಸಾಗಿ ಮಾಡಿದ ಕೆಲಸಕ್ಕೆ ಈ ವರ್ಷ ನಡುವೆ ನಿಲ್ಲಬೇಕಾಗುವುದು.

ಕೊನೆಯದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕವಾಟದ ರೋಗಿಗಳು ಅರಿವಿಲ್ಲದೆಯೇ ಕೆಲಸ ಕಡಿಮೆ ಮಾಡುತ್ತಾ ಬರುತ್ತಾರೆ, ಆಮೇಲೆ 'ನನಗೇನೂ ತೊಂದರೆ ಇಲ್ಲ' ಎನ್ನುತ್ತಾರೆ. ಮನೆಯವರು ಹಳೆಯದನ್ನು ನೆನೆದು ಹೋಲಿಸಿ ನೋಡಬೇಕು.

ಉಬ್ಬಸವೋ, ಕ್ಷಯವೋ, ಹೃದಯವೋ?

ಶ್ವಾಸಕೋಶ ಒದ್ದೆಯಾದಾಗ ಉಸಿರು ಕೊಳವೆ ಊದಿ 'ಸುಂಯ್' ಎನ್ನುವ ಸದ್ದು ಬರುವುದರಿಂದ ಹೃದಯದ ದಮ್ಮು ಥೇಟ್ ಅಸ್ತಮಾದಂತೆಯೇ ಕಾಣಬಹುದು. ಅಸ್ತಮಾ ಸಾಮಾನ್ಯವಾಗಿ ಚಿಕ್ಕಂದಿನಿಂದ ಬಂದಿರುತ್ತದೆ. ಸೀನು, ಅಲರ್ಜಿ ಜೊತೆಗಿರುತ್ತವೆ, ಪಂಪಿಗೆ ಬಗ್ಗುತ್ತದೆ. ಹಿಂದೆಂದೂ ಇಲ್ಲದ ಉಬ್ಬಸ ನಲವತ್ತರ ಮೇಲೆ ಹೊಸದಾಗಿ ಬಂದರೆ ಹೃದಯವನ್ನು ಪರೀಕ್ಷಿಸದೆ ಅಸ್ತಮಾ ಎಂದು ತೀರ್ಮಾನಿಸುವುದು ಸರಿಯಲ್ಲ.

ಕೆಮ್ಮಿನಲ್ಲಿ ರಕ್ತ ಬಂದರೆ ಎಲ್ಲರ ಮನಸ್ಸೂ ಕ್ಷಯಕ್ಕೆ ಓಡುತ್ತದೆ. ಕಿರಿದಾದ ಮೈಟ್ರಲ್ ಕವಾಟದಲ್ಲೂ ರಕ್ತ ಬರುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಉಚಿತ, ಅದನ್ನು ಮಾಡಿಸಲೇಬೇಕು. ಅದರಲ್ಲಿ ಕ್ಷಯ ಇಲ್ಲವೆಂದಾದರೆ ಅಲ್ಲಿಗೇ ಬಿಡದೆ ಹೃದಯದ ಕಡೆ ನೋಡಿಸಬೇಕು.

ಇದರ ಉಲ್ಟಾ ದಾರಿಯೂ ಇದೆ. ದಶಕಗಳ ಒಲೆಯ ಹೊಗೆ, ಬೀಡಿಯಿಂದ ಶ್ವಾಸಕೋಶ ಕೆಟ್ಟು ಅದರಿಂದ ಹೃದಯದ ಬಲಭಾಗ ಸೋಲಬಹುದು. ಒಬ್ಬರಲ್ಲೇ ಎರಡೂ ಇರಬಹುದು. ಯಾವುದರ ಪಾಲು ಎಷ್ಟು ಎಂಬುದು ಪರೀಕ್ಷೆಯಿಂದಷ್ಟೇ ತಿಳಿಯುತ್ತದೆ.

ಯಾವ ಪರೀಕ್ಷೆ, ಎಲ್ಲಿ?

ಮೊದಲ ಪರೀಕ್ಷೆ ಸ್ಟೆತಾಸ್ಕೋಪ್. ಕವಾಟ ಕೆಟ್ಟರೆ ಬಡಿತದ ನಡುವೆ ಬೇರೆಯೇ ಸದ್ದು ಕೇಳುತ್ತದೆ. ಶಿರಾಳಕೊಪ್ಪದ ಸರ್ಕಾರಿ ಆಸ್ಪತ್ರೆಯಲ್ಲೋ ಶಿಕಾರಿಪುರ, ಸೊರಬದ ತಾಲ್ಲೂಕು ಆಸ್ಪತ್ರೆಯಲ್ಲೋ ತೋರಿಸಿ, 'ಹೃದಯದಲ್ಲಿ ಸದ್ದಿದೆಯೇ ನೋಡಿ' ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಮುಂದೆ ಇ.ಸಿ.ಜಿ., ಎದೆಯ ಎಕ್ಸ್‌ರೇ. ಇವು ಸಂಶಯ ಮೂಡಿಸುತ್ತವೆ. ತೀರ್ಪು ಕೊಡುವುದು ಎಕೋ. ಬಸುರಿಯರಿಗೆ ಮಾಡುವ ಸ್ಕ್ಯಾನಿನ ಬಗೆಯದೇ ಪರೀಕ್ಷೆ ಇದು. ವಿಕಿರಣವಿಲ್ಲ, ನೋವಿಲ್ಲ, ಅರ್ಧ ಗಂಟೆಯ ಕೆಲಸ.

ಎಕೋ ಮತ್ತು ಹೃದಯ ತಜ್ಞರ ಸಲಹೆಗೆ ಶಿರಾಳಕೊಪ್ಪದವರು ಸಾಮಾನ್ಯವಾಗಿ ಹೋಗುವುದು ಸುಮಾರು 70 ಕಿ.ಮೀ. ದೂರದ ಶಿವಮೊಗ್ಗಕ್ಕೆ. ಅಲ್ಲಿ ಮೆಗ್ಗಾನ್ ಬೋಧನಾ ಆಸ್ಪತ್ರೆ ಇದೆ. ಬಲೂನ್ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಬೇಕೆಂದಾದರೆ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿರುವ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ ಬಡವರಿಗೆ ದೊಡ್ಡ ಆಸರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಜಾರಿಯಲ್ಲಿದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ವೆಚ್ಚದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತಿಲ್ಲದ ಚಿಕಿತ್ಸೆಗೆ ದೂರದೂರಿಗೆ ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ, ರೇಷನ್ ಕಾರ್ಡ್, ಆಧಾರ್ ಮತ್ತು ಹಳೆಯ ವರದಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಪತ್ರವಿಲ್ಲದೆ ಹೋಗಿ ವಾಪಸಾದರೆ ಬಸ್ಸಿನ ಖರ್ಚಿನ ಜೊತೆ ಕೂಲಿಯೂ ಹೋಗುತ್ತದೆ.

ಎಕೋ ವರದಿಯಲ್ಲಿ ಏನು ನೋಡಬೇಕು?

ವರದಿಯನ್ನು ಅರ್ಥೈಸುವುದು ವೈದ್ಯರ ಕೆಲಸ. ಆದರೂ ನಾಲ್ಕು ಸಂಗತಿ ತಿಳಿದಿದ್ದರೆ ಪ್ರಶ್ನೆ ಕೇಳಲು ಧೈರ್ಯ ಬರುತ್ತದೆ.

• ಇ.ಎಫ್.: ಎಡ ಕೆಳಕೋಣೆ ಪ್ರತಿ ಬಡಿತಕ್ಕೆ ಶೇಕಡಾ ಎಷ್ಟು ರಕ್ತ ಹೊರದೂಡುತ್ತದೆ ಎಂಬ ಲೆಕ್ಕ. 55ರಿಂದ 70 ಸಾಮಾನ್ಯ; 40 ಅಥವಾ ಅದಕ್ಕಿಂತ ಕಡಿಮೆ ಎಂದರೆ ಸ್ನಾಯು ಸೋತಿದೆ. ಮೈಟ್ರಲ್ ಕವಾಟ ತೀವ್ರವಾಗಿ ಸೋರುವವರಲ್ಲಿ ಮಾತ್ರ 60 ಎಂಬುದೇ ಎಚ್ಚರಿಕೆಯ ಗಂಟೆ.
• ಎಂ.ಎಸ್., ಎ.ಎಸ್. ಎಂದರೆ ಕವಾಟ ಕಿರಿದಾಗಿದೆ, ಎಂ.ಆರ್., ಎ.ಆರ್., ಟಿ.ಆರ್. ಎಂದರೆ ಸೋರುತ್ತಿದೆ. ಪಕ್ಕದಲ್ಲಿ 'ಟ್ರಿವಿಯಲ್' ಎಂದಿದ್ದರೆ ಗಾಬರಿ ಬೇಡ, ಆರೋಗ್ಯವಂತರಲ್ಲೂ ಅದು ಕಾಣುತ್ತದೆ. 'ಸಿವಿಯರ್' ಎಂದಿದ್ದರೆ ತಡಮಾಡುವಂತಿಲ್ಲ.
• ಕವಾಟದ ಬಾಯಿಯ ಅಳತೆ, ಚದರ ಸೆಂ.ಮೀ.ಗಳಲ್ಲಿ.
• ಪಿ.ಎ.ಎಚ್.: ಶ್ವಾಸಕೋಶದ ಬಿ.ಪಿ. ಏರಿದೆಯೇ, ಎಷ್ಟು. ಹೃದಯದ ತೊಂದರೆ ಶ್ವಾಸಕೋಶವನ್ನು ಎಷ್ಟು ಬಾಧಿಸಿದೆ ಎಂಬುದನ್ನು ಈ ಸಾಲು ಹೇಳುತ್ತದೆ.

ಚಿಕಿತ್ಸೆ: ನೀರು ಇಳಿಸಿದರಷ್ಟೇ ಸಾಲದು

ಮೂತ್ರ ಹೆಚ್ಚಿಸುವ ಮಾತ್ರೆ ಶ್ವಾಸಕೋಶದ ನೀರನ್ನು ಇಳಿಸುತ್ತದೆ, ಒಂದೆರಡು ದಿನದಲ್ಲೇ ರೋಗಿ ಆರಾಮಾಗಿ ಮಲಗುತ್ತಾನೆ. ಅಲ್ಲಿಗೆ ವಾಸಿಯಾಯಿತೆಂದು ಆಸ್ಪತ್ರೆ ಬಿಡುವವರೇ ಮುಂದೆ ಹೆಚ್ಚು ನರಳುತ್ತಾರೆ, ಯಾಕೆಂದರೆ ಕವಾಟ ಹಾಗೆಯೇ ಇದೆ.

ಕಿರಿದಾದ ಮೈಟ್ರಲ್ ಕವಾಟ ಬಲೂನಿಗೆ ತಕ್ಕಂತಿದ್ದರೆ ಎದೆ ತೆರೆಯಬೇಕಿಲ್ಲ. ತೊಡೆಯ ರಕ್ತನಾಳದಿಂದ ತಂತಿ ಕಳಿಸಿ, ಕವಾಟದ ಬಾಯಲ್ಲಿ ಬಲೂನ್ ಉಬ್ಬಿಸಿ ಅಂಟಿದ ದಳಗಳನ್ನು ಬಿಡಿಸುತ್ತಾರೆ. ಜಪಾನಿನ ಕಾಂಜಿ ಇನೌಯೆ 1982ರಲ್ಲಿ ಮೊದಲು ಮಾಡಿದ ವಿಧಾನವಿದು. ಕರ್ನಾಟಕದಲ್ಲಿ ಜಯದೇವ ಸಂಸ್ಥೆ ಇದಕ್ಕೆ ಹೆಸರುವಾಸಿ. ಅದರ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಈ ಚಿಕಿತ್ಸೆಯಲ್ಲಿ ಪಳಗಿದ ಕೈ. ದಳಗಳು ಬಿಡಿಸಿಕೊಂಡ ಕ್ಷಣದಲ್ಲೇ ಮೇಲ್ಕೋಣೆಯ ಒತ್ತಡ ಇಳಿಯುತ್ತದೆ. ಶ್ವಾಸಕೋಶದ ಬಿ.ಪಿ. ಮುಂದಿನ ತಿಂಗಳುಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ತೀರಾ ತಡವಾಗಿ ಬಂದವರಲ್ಲಿ ಅದು ಪೂರ್ತಿ ಇಳಿಯದೆ ಉಳಿಯಬಹುದು.

ಕವಾಟ ಹೆಚ್ಚು ಹಾಳಾಗಿದ್ದರೆ ರಿಪೇರಿ, ಇಲ್ಲವೇ ಬದಲಾವಣೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಕೃತಕ ಕವಾಟವನ್ನು 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ರೋಗಿಗೆ ಜೋಡಿಸಲಾಯಿತು. ಅದರ ಬಳಿಕ ಭಾರತದ ಬಡವರ ಕೈಗೆಟಕುವ ದರದಲ್ಲಿ ಕವಾಟ ಸಿಗತೊಡಗಿತು. ಲೋಹದ ಕವಾಟ ಹಾಕಿಸಿಕೊಂಡವರು ಜೀವನಪರ್ಯಂತ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು, ರಕ್ತ ಎಷ್ಟು ತೆಳುವಾಗಿದೆ ಎಂದು ತಿಳಿಸುವ ಐ.ಎನ್.ಆರ್. ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು. ಮಾತ್ರೆ ನಿಲ್ಲಿಸಿದರೆ ರಕ್ತ ಹೆಪ್ಪುಗಟ್ಟಿ ಕವಾಟ ಕಚ್ಚಿಕೊಳ್ಳಬಹುದು. ನಾಟಿ ಔಷಧಿ, ನೋವಿನ ಮಾತ್ರೆಗಳು ರಕ್ತ ತೆಳುವಾಗಿಸುವ ಮಾತ್ರೆಯ ಪರಿಣಾಮವನ್ನು ಏರುಪೇರು ಮಾಡುತ್ತವೆ. ವೈದ್ಯರಿಗೆ ಹೇಳದೆ ಯಾವುದೂ ಬೇಡ.

ಸ್ನಾಯು ಸೋತು ಹಿಗ್ಗಿದ ಹೃದಯಕ್ಕೆ ಇಂದು ಒಳ್ಳೆಯ ಔಷಧಿಗಳಿವೆ. ನಿಯಮಿತವಾಗಿ ತೆಗೆದುಕೊಂಡರೆ ಹಲವರಲ್ಲಿ ಹೃದಯ ಮತ್ತೆ ಕಿರಿದಾಗಿ, ಇ.ಎಫ್. ಏರಿ, ಉಸಿರು ಸಲೀಸಾಗುತ್ತದೆ. ಆರಾಮಾಯಿತೆಂದು ನಿಲ್ಲಿಸಿದರೆ ಹೃದಯ ಮತ್ತೆ ಹಿಗ್ಗಬಹುದು.

ಬಸುರಿಯರಿಗೆ ವಿಶೇಷ ಎಚ್ಚರ

ಬಸುರಿನಲ್ಲಿ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಏರುತ್ತದೆ, ಎದೆಬಡಿತವೂ ಹೆಚ್ಚುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಕಿರಿದಾದ ಕವಾಟ ಆಗ ಬಯಲಾಗುತ್ತದೆ. ಐದಾರು ತಿಂಗಳ ನಂತರ, ಹೆರಿಗೆಯ ಹೊತ್ತಿನಲ್ಲಿ, ಹೆರಿಗೆಯಾದ ಕೂಡಲೇ ಶ್ವಾಸಕೋಶಕ್ಕೆ ನೀರಿಳಿಯುವ ಅಪಾಯ ಹೆಚ್ಚು. 'ಬಸುರಿಗೆ ದಮ್ಮು ಸಹಜ' ಎಂಬ ಮಾತು ಅರ್ಧ ಸತ್ಯ. ಮಲಗಲಾಗದ ದಮ್ಮು, ರಾತ್ರಿ ಎಬ್ಬಿಸುವ ಕೆಮ್ಮು ಸಹಜವಲ್ಲ. ಆಶಾ ಕಾರ್ಯಕರ್ತೆಗೆ ಹೇಳಿ ಎಕೋ ಮಾಡಿಸಿ. ಬೇಕಿದ್ದರೆ ಬಸುರಿನಲ್ಲೇ ಬಲೂನ್ ಚಿಕಿತ್ಸೆಯನ್ನೂ ಮಾಡಬಹುದು. ಬಸುರಿನ ಕೊನೆಯ ತಿಂಗಳಿಂದ ಬಾಣಂತನದ ಐದು ತಿಂಗಳವರೆಗೆ ಹೊಸದಾಗಿ ಹೃದಯ ಹಿಗ್ಗುವ ಕಾಯಿಲೆಯೂ ಇದೆ. ಬಾಣಂತಿಯ ದಮ್ಮನ್ನು ಥಂಡಿ ಎಂದು ತಳ್ಳಿಹಾಕಬೇಡಿ. ರಕ್ತ ತೆಳುವಾಗಿಸುವ ಮತ್ತು ಹೃದಯದ ಕೆಲವು ಮಾತ್ರೆಗಳು ಭ್ರೂಣಕ್ಕೆ ಹಾನಿಕರ. ಕವಾಟದ ರೋಗವಿರುವ ಹೆಣ್ಣುಮಕ್ಕಳು ಮಗು ಬಯಸುವ ಮೊದಲೇ ವೈದ್ಯರ ಜೊತೆ ಮಾತಾಡಬೇಕು.

ಮಕ್ಕಳ ಗಂಟಲು ನೋವು, ಮೂರು ವಾರದ ಇಂಜೆಕ್ಷನ್

ರುಮ್ಯಾಟಿಕ್ ಜ್ವರ ಹೆಚ್ಚಾಗಿ ಬರುವುದು 5ರಿಂದ 15ರ ವಯಸ್ಸಿನಲ್ಲಿ. ಜ್ವರದ ಜೊತೆ ಗಂಟಲು ನೋವು ಬಂದರೆ ವೈದ್ಯರಿಗೆ ತೋರಿಸಿ, ಕೊಟ್ಟ ಆಂಟಿಬಯೋಟಿಕ್ ಪೂರ್ತಿ ಮುಗಿಸಿ. ಒಮ್ಮೆ ಈ ಜ್ವರ ಬಂದ ಮಗುವಿಗೆ ಮತ್ತೆ ಬಾರದಂತೆ 21 ದಿನಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ. ಕವಾಟಕ್ಕೆ ಏಟು ಬಿದ್ದಿದ್ದರೆ ಇದು ನಲವತ್ತರ ವಯಸ್ಸಿನವರೆಗೂ, ಕೆಲವರಿಗೆ ಬದುಕಿಡೀ ಮುಂದುವರಿಯುತ್ತದೆ. ಪರೀಕ್ಷೆ, ಮದುವೆ, ಸುಗ್ಗಿ ಏನೇ ಇರಲಿ ದಿನ ತಪ್ಪಬಾರದು, ಯಾಕೆಂದರೆ ಪ್ರತಿ ಹೊಸ ದಾಳಿಯೂ ಕವಾಟವನ್ನು ಇನ್ನಷ್ಟು ಕೆಡಿಸುತ್ತದೆ. ಶಾಲೆ, ಅಂಗನವಾಡಿಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಮಗು ಗೈರಾಗದಂತೆ ನೋಡಿಕೊಳ್ಳಿ. ಹೃದಯದ ತೊಂದರೆ ಹುಡುಕುವುದೂ ಅವರ ಕೆಲಸ.

ಮನೆಯಲ್ಲಿ ಮಾಡಬೇಕಾದದ್ದು

ಉಪ್ಪು ನೀರನ್ನು ಹಿಡಿದಿಡುತ್ತದೆ. ದಿನಕ್ಕೆ ಎಲ್ಲ ಸೇರಿ ಒಂದು ಚಮಚೆ, ಅಂದರೆ 5 ಗ್ರಾಮ್‌ಗಿಂತ ಕಡಿಮೆ ಇರಲಿ. ನಮ್ಮ ಊಟದಲ್ಲಿ ಉಪ್ಪು ಅಡಗಿರುವುದು ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನಿನಲ್ಲಿ. ಗಂಜಿಗೆ ಉಪ್ಪಿನಕಾಯಿಯ ಬದಲು ಉಪ್ಪು ಕಡಿಮೆ ಹಾಕಿದ ಸೊಪ್ಪಿನ ಪಲ್ಯ ನೆಂಚಿಕೊಳ್ಳಿ.

ಬೆಳಗ್ಗೆ ಮೂತ್ರಕ್ಕೆ ಹೋಗಿಬಂದು, ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ದಮ್ಮು ಬರುವ ಮೊದಲೇ ಆಸ್ಪತ್ರೆಗೆ ಹೋಗಿ.

ಮೈಕೈ ನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನ್ಯಾಕ್, ಐಬುಪ್ರೊಫೆನ್ ದೇಹದಲ್ಲಿ ನೀರು ನಿಲ್ಲಿಸುತ್ತವೆ. ದುರ್ಬಲ ಹೃದಯದವರು ಅವನ್ನು ಮುಟ್ಟಬಾರದು. ರಂಜಾನ್ ಉಪವಾಸ, ಏಕಾದಶಿ, ಯಾವುದೇ ವ್ರತವಿರಲಿ, ಮೂತ್ರದ ಮಾತ್ರೆ ನುಂಗುವವರು ಮೊದಲೇ ವೈದ್ಯರನ್ನು ಕೇಳಿ ಮಾತ್ರೆಯ ಹೊತ್ತು ಹೊಂದಿಸಿಕೊಳ್ಳಬೇಕು. ಬೀಡಿ, ಕುಡಿತ ಪೂರ್ತಿ ಬಿಡಬೇಕು.

ರಾತ್ರೋರಾತ್ರಿ ದಮ್ಮು ಏರಿದರೆ

ರೋಗಿಯನ್ನು ಮಲಗಿಸಬೇಡಿ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ನೆಟ್ಟಗೆ ಕೂರಿಸಿ. ಎದೆಗೆ ಮರಳುವ ರಕ್ತ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. 108ಕ್ಕೆ ಕರೆ ಮಾಡಿ. ನೀರು ಕುಡಿಸಬೇಡಿ, ನಡೆಸಿಕೊಂಡು ಹೋಗಬೇಡಿ. ಗುಲಾಬಿ ನೊರೆ ಬರುತ್ತಿದ್ದರೆ, ತುಟಿ ನೀಲಿಯಾಗಿದ್ದರೆ ಬೆಳಗಾಗಲೆಂದು ಕಾಯಬಾರದು. ಶಿವಮೊಗ್ಗದ ದಾರಿ ಹಿಡಿಯುವ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಆಮ್ಲಜನಕ ಮತ್ತು ನೀರಿಳಿಸುವ ಇಂಜೆಕ್ಷನ್ ಕೊಡಿಸಿ. ದಾರಿಯಲ್ಲಿ ಜೀವ ಉಳಿಯುವುದು ಅದರಿಂದ.

ನಿಮ್ಮ ಮನೆಯಲ್ಲಿ ಕೆಮ್ಮು, ದಮ್ಮಿಗೆ ಎರಡು ಸಲ ಔಷಧಿ ಮುಗಿಸಿಯೂ ಗುಣವಾಗದವರು ಇದ್ದರೆ, ಮೂರನೆಯ ಸಲ ಅದೇ ಔಷಧಿ ತರುವ ಬದಲು ಆ ಹಣವನ್ನು ಬಸ್ ಚಾರ್ಜಿಗೆ ಎತ್ತಿಡಿ. ವೈದ್ಯರ ಮುಂದೆ ಕೂತು ಮೂರು ಪ್ರಶ್ನೆ ಕೇಳಿ: ಹೃದಯದಲ್ಲಿ ಸದ್ದಿದೆಯೇ? ಎಕೋ ಬೇಕೇ? ಶ್ವಾಸಕೋಶದ ಬಿ.ಪಿ. ಎಷ್ಟಿದೆ? ಇವಕ್ಕೆ ಉತ್ತರ ಬೇಗ ಸಿಕ್ಕಿದವರ ಕವಾಟ ಸರಿಪಡಿಸಬಹುದು, ಹಿಗ್ಗಿದ ಹೃದಯಕ್ಕೆ ಔಷಧಿ ಹಿಡಿಯುತ್ತದೆ, ಶ್ವಾಸಕೋಶವೂ ಉಳಿಯುತ್ತದೆ.